ಹೋಗುವಾಗ ಎರಡೂಕಾಲು ತಾಸು, ಬರುವಾಗ ಐದು ತಾಸಾ?

ಹೋದ ಸಂಚಿಕೆಯಲ್ಲಿ ಒಬ್ಬರು ಹೈದರಾಬಾದಿನಿಂದ ದುಬೈ ಎಷ್ಟು ದೂರ ಅಂತ ಕೇಳಿದ್ದರು. ನಾನು ಸುಮ್ನೆ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಅದಾದ ಮೇಲೆ ಪತ್ರಗಳ ಮೇಲೆ ಪತ್ರ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಷ್ಟು ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ ಅನ್ನುವುದು ಪೋಸ್ಟ್‌ಮ್ಯಾನ್‌ಗಿಂತ ನನಗೇ ಈಗ ಚೆನ್ನಾಗಿ ಗೊತ್ತು. ಹಾಗಾಗಿ ಈ ಸಲ ಬರೀ ವಿಮಾನದ ಪ್ರಶ್ನೆಗಳು. ಎಂದಿನಂತೆ ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಪೈಲಟ್ ಅಲ್ಲ, ಟ್ರಾವೆಲ್ ಏಜೆಂಟನೂ ಅಲ್ಲ. ಕಲಬುರಗಿಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಹೇಳಿದ ಮಾಸ್ತರ. ನಿವೃತ್ತಿ ದಿನ ಶಾಲು, ಹಾರದ ಜೊತೆ ಶಾಲೆಯ ಹಳೆಯ ಗ್ಲೋಬನ್ನೂ ನನ್ನ ಕೈಗೇ ಕೊಟ್ಟು ಕಳಿಸಿದರು. ಪೆಸಿಫಿಕ್ ಸಾಗರದ ಬಣ್ಣ ಎದ್ದುಹೋಗಿದೆ. ಸೋವಿಯತ್ ಒಕ್ಕೂಟ ಅದರಲ್ಲಿ ಇನ್ನೂ ಒಂದೇ ತುಂಡು. ಆದರೆ ದೂರ ಅಳೆಯೋಕೆ ಅಡ್ಡಿಯಿಲ್ಲ, ಊರುಗಳು ಇದ್ದಲ್ಲೇ ಇವೆ.

ಪ್ರಶ್ನೆ: ಸರ್, ನಮಸ್ಕಾರ. ಮಗ ದುಬೈಗೆ ಹೊರಟಿದ್ದಾನೆ. ಟಿಕೆಟ್‌ನಲ್ಲಿ ಹೈದರಾಬಾದ್ ಬಿಡುವುದು ಬೆಳಗ್ಗೆ 10.05, ದುಬೈ ಮುಟ್ಟುವುದು ಮಧ್ಯಾಹ್ನ 12.25 ಅಂತಿದೆ. ಅಂದರೆ ಎರಡು ತಾಸು ಇಪ್ಪತ್ತು ನಿಮಿಷ. ಬರುವ ಟಿಕೆಟ್‌ನಲ್ಲಿ ರಾತ್ರಿ 10ಕ್ಕೆ ಬಿಟ್ಟು ನಸುಕಿನ 2.55ಕ್ಕೆ ಹೈದರಾಬಾದ್. ಅದು ಐದು ತಾಸಾಯಿತು. ಹೋಗುವಾಗ ಎರಡೂಕಾಲು, ಬರುವಾಗ ಐದು ಹೇಗೆ? ಏಜೆಂಟರನ್ನು ಕೇಳಿದರೆ 'ಅದೆಲ್ಲಾ ಹಂಗೇ ಇರ್ತದ ಅಮ್ಮಾ' ಅಂತಾರೆ. — ಚಿತ್ತಾಪುರ

ಅಕ್ಕಾ, ಹಂಗೇ ಇರೋದು ನಿಜ. ಆದರೆ ಅದಕ್ಕೊಂದು ಕಾರಣ ಇದೆಯಲ್ಲ, ಅದನ್ನು ಹೇಳಬೇಕಿತ್ತು.

ಟಿಕೆಟ್‌ನಲ್ಲಿ ಬಿಡುವ ಸಮಯ ಬಿಡುವ ಊರಿನ ಗಡಿಯಾರದ್ದು. ಮುಟ್ಟುವ ಸಮಯ ಮುಟ್ಟುವ ಊರಿನ ಗಡಿಯಾರದ್ದು. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ನಿಮ್ಮ ಮಗ ದುಬೈಯಲ್ಲಿ ಇಳಿದು 12.25 ಅಂತ ನೋಡುವಾಗ ಚಿತ್ತಾಪುರದ ನಿಮ್ಮ ಗೋಡೆ ಗಡಿಯಾರದಲ್ಲಿ 1.55 ಆಗಿರುತ್ತದೆ. 10.05ರಿಂದ 1.55ಕ್ಕೆ ಎಷ್ಟಾಯಿತು? ಮೂರು ತಾಸು ಐವತ್ತು ನಿಮಿಷ. ನಿಜವಾದ ಪ್ರಯಾಣ ಅದು. ಬರುವಾಗ ಉಲ್ಟಾ. ದುಬೈಯಲ್ಲಿ ರಾತ್ರಿ 10 ಅಂದರೆ ನಮಗೆ ಆಗಲೇ 11.30. ಅಲ್ಲಿಂದ 2.55ಕ್ಕೆ ಮೂರು ತಾಸು ಇಪ್ಪತ್ತೈದು ನಿಮಿಷ.

ಈ ಒಂದೂವರೆ ತಾಸು ಎಲ್ಲಿಂದ ಬಂತು ಅಂತ ಮೊಮ್ಮಕ್ಕಳು ಕೇಳಿದರೆ ಹೀಗೆ ಹೇಳಿ. ಭೂಮಿ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗೋಕೆ 24 ತಾಸು. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಹೈದರಾಬಾದ್ ಇರುವುದು ಪೂರ್ವಕ್ಕೆ 78 ಡಿಗ್ರಿಯ ಮೇಲೆ, ದುಬೈ 55ರ ಮೇಲೆ. ನಡುವೆ 23 ಡಿಗ್ರಿ. ನಾಲ್ಕರಿಂದ ಗುಣಿಸಿದರೆ 92 ನಿಮಿಷ. ಒಂದೂವರೆ ತಾಸು ಸರಿಯಾಗಿ ಕೂಡಿತು ನೋಡಿ. ಎಲ್ಲ ಊರಿಗೂ ಇಷ್ಟು ಚಂದ ಕೂಡುವುದಿಲ್ಲ. ನಮ್ಮಲ್ಲೇ ಕೂಡಲ್ಲ. ಭಾರತಕ್ಕೆಲ್ಲ ಒಂದೇ ಗಡಿಯಾರ, ಅದು 82.5 ಡಿಗ್ರಿ ರೇಖೆಯ ಲೆಕ್ಕ. ಕಲಬುರಗಿ ಅದಕ್ಕಿಂತ ಸುಮಾರು ಐದೂಮುಕ್ಕಾಲು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 23 ನಿಮಿಷ ತಡ. ನಮ್ಮ ಕಡೆ ಬಿಸಿಲು ಇಳಿಯುವುದೇ ಇಲ್ಲ ಅಂತ ಬೈತೀವಲ್ಲ, ಅದರಲ್ಲಿ ಈ 23 ನಿಮಿಷದ ಪಾಲೂ ಇದೆ.

ಈಗ ನೀವು ಇನ್ನೊಂದು ಕೇಳಬಹುದು. ಗಡಿಯಾರ ಸರಿ ಮಾಡಿದ ಮೇಲೂ ಹೋಗುವಾಗ 3.50, ಬರುವಾಗ 3.25. ಆ ಇಪ್ಪತ್ತೈದು ನಿಮಿಷ ಯಾಕೆ? ಅದು ಗಾಳಿ. ವಿಮಾನ ಹಾರುವ ಹತ್ತು-ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ಸೈಕಲ್ ಮೇಲೆ ಸೇಡಂ ರಸ್ತೆಯಲ್ಲಿ ಸಂಜೆ ಗಾಳಿಗೆ ಎದುರಾಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಈ ಗಾಳಿ ಜೋರು. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಎತ್ತರದ ಗಾಳಿ ದಿಕ್ಕು ಬದಲಿಸಿ ಪೂರ್ವದಿಂದ ಬೀಸುತ್ತದೆ. ಆಗ ಹೋಗುವ-ಬರುವ ವ್ಯತ್ಯಾಸವೂ ಇಳಿಯುತ್ತದೆ.

ಮಗ ಮುಟ್ಟಿದ ಮೇಲೆ ಫೋನ್ ಮಾಡುವಾಗ ನಿಮ್ಮ ಗಡಿಯಾರದಿಂದ ಒಂದೂವರೆ ತಾಸು ಕಳೆಯಿರಿ. ನೀವು ಬೆಳಗ್ಗೆ ಆರಕ್ಕೆ ಎದ್ದು, ಪೂಜೆ ಮುಗಿಸಿ ಆರೂವರೆಗೆ ಫೋನ್ ಮಾಡಿದರೆ ಅಲ್ಲಿ ಇನ್ನೂ ಐದು. ಹುಡುಗ ಮಲಗಲಿ.

ಪ್ರಶ್ನೆ: ಹೈದರಾಬಾದ್-ದುಬೈ ದೂರ 2,550 ಕಿಲೋಮೀಟರ್ ಅಂತ ನೀವು ಬರೆದಿರಿ. ನನ್ನ ಮೊಬೈಲ್ 1,580 ತೋರಿಸುತ್ತದೆ. ಗೆಳೆಯನದು 1,375. ಮೂವರಲ್ಲಿ ಯಾರು ಸುಳ್ಳು? — ಶಹಾಪುರ

ತಮ್ಮಾ, ಯಾರೂ ಸುಳ್ಳಲ್ಲ. ಪಂಚಾಯಿತಿ ಕೂಡಿಸಬೇಡ. ನನ್ನದು ಕಿಲೋಮೀಟರ್, ನಿನ್ನದು ಮೈಲಿ, ಗೆಳೆಯನದು ನಾಟಿಕಲ್ ಮೈಲಿ. ಅಂಕಿಯ ಪಕ್ಕದಲ್ಲಿರುವ ಸಣ್ಣ ಅಕ್ಷರ ನೋಡದೆ ಜಗಳ ಮಾಡಿದ್ದೀರಿ, ಅಷ್ಟೇ.

ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಈ ವಿಚಿತ್ರ ಅಂಕಿ ಸುಮ್ನೆ ಬಂದಿಲ್ಲ. ಉತ್ತರ-ದಕ್ಷಿಣಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಅದನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ನಾಟಿಕಲ್ ಮೈಲಿ. ಹಡಗಿನವರು ನಕಾಶೆ ಮೇಲೇ ಡಿಗ್ರಿ ಎಣಿಸಿ ದೂರ ಹೇಳುತ್ತಿದ್ದರು. ವಿಮಾನದವರು ಅದನ್ನೇ ಉಳಿಸಿಕೊಂಡರು.

ನಾನು ಅಳೆದದ್ದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಇದನ್ನು ನೀನೂ ಮಾಡಬಹುದು. ನನ್ನ ಗ್ಲೋಬಿನ ನಡು ಸುತ್ತಳತೆಯನ್ನು ಮನೆಯವಳ ಹೊಲಿಗೆ ಟೇಪಿನಲ್ಲಿ ಹಿಡಿದೆ. ಹೆಚ್ಚುಕಮ್ಮಿ ಒಂದು ಮೀಟರ್ ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 400 ಕಿಲೋಮೀಟರ್. ಕೌದಿ ಹೊಲಿಯುವ ದಾರ ತೆಗೆದುಕೊಂಡು ಒಂದು ತುದಿ ಹೈದರಾಬಾದ್ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಇನ್ನೊಂದು ತುದಿಯನ್ನು ದುಬೈ ಮೇಲೆ ಬಿಗಿಯಾಗಿ ಎಳೆದೆ. ದಾರ ತಾನಾಗಿಯೇ ಹತ್ತಿರದ ದಾರಿ ಹಿಡಿಯುತ್ತದೆ. ನೀನು ತಿದ್ದಲು ಹೋಗಬಾರದು. ಟೇಪಿಗೆ ಹಿಡಿದರೆ ಆರು ಸೆಂಟಿಮೀಟರ್ ಮೇಲೆ ಒಂದಿಷ್ಟು. ಕಣ್ಣಳತೆಗೆ 6.4. ಅದನ್ನು 400ರಿಂದ ಗುಣಿಸು. 2,560 ಬಂತು. ಲೆಕ್ಕದ ಸೂತ್ರ ಹಾಕಿದರೆ ಸುಮಾರು 2,550. ಹಳೇ ಗ್ಲೋಬು, ಕೌದಿ ದಾರ, ಕನ್ನಡಕ ಹಾಕಿದ ಕಣ್ಣು. ಇವಿಷ್ಟಕ್ಕೆ ಹತ್ತು ಕಿಲೋಮೀಟರ್ ತಪ್ಪು ಅಂದರೆ ನನಗೇನೂ ನಾಚಿಕೆ ಇಲ್ಲ.

ಆದರೆ ವಿಮಾನ ದಾರದ ಮೇಲೆಯೇ ಹಾರುತ್ತದೆ ಅಂದುಕೊಳ್ಳಬೇಡ. ಆಕಾಶದಲ್ಲೂ ನಿಗದಿಯಾದ ದಾರಿಗಳಿವೆ. ಮೋಡ, ದಟ್ಟಣೆ, ಮುಚ್ಚಿದ ಗಡಿ ಇದ್ದರೆ ಸುತ್ತು ಹಾಕಬೇಕು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿದಾಗ, ಮತ್ತೆ 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮುಚ್ಚಿದಾಗ, ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವವರು ದಕ್ಷಿಣಕ್ಕೆ ಇಳಿದು ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು. ಊರು ಸರಿದಿಲ್ಲ, ದೂರ ಬೆಳೆಯಿತು.

ಇನ್ನೊಂದು. ವಿಮಾನ ಮೇಲೆ ಹೋದ ಮೇಲೆ ತಾಸಿಗೆ 830-850 ಕಿಲೋಮೀಟರ್ ಓಡುತ್ತದೆ. ಆ ಲೆಕ್ಕಕ್ಕೆ ಮೂರು ತಾಸು ಸಾಕು. ಟಿಕೆಟ್‌ನಲ್ಲಿ 3.50 ಯಾಕೆ? ಏಕೆಂದರೆ ಟಿಕೆಟ್‌ನ ಗಡಿಯಾರ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರು, ಅಲ್ಲಿ ಹೋಗಿ ಪೂರ್ತಿ ನಿಂತಾಗ ಮುಗಿತಾಯ. ರನ್‌ವೇ ತನಕ ತೆವಳುವುದು, ಸಾಲಿನಲ್ಲಿ ಕಾಯುವುದು, ಏರುವುದು, ಇಳಿಯುವ ಮುನ್ನ ಸರದಿಗಾಗಿ ಸುತ್ತು ಹೊಡೆಯುವುದು ಎಲ್ಲ ಅದರೊಳಗೇ. ನಮ್ಮ ಬಸ್ಸು ಹುಮನಾಬಾದ್ ದಾಟಿ ಓಡಿದ ವೇಗ ನೋಡಿ, ಸ್ಟ್ಯಾಂಡಿನೊಳಗೆ ಹೋಗೋಕೆ ಹಿಡಿದ ಹೊತ್ತು ಮರೆತರೆ ಹೇಗೆ?

ಪ್ರಶ್ನೆ: ಏಜೆಂಟರು 'ದುಬೈ ನಾಲ್ಕು ತಾಸು, ಬಸ್ಸಿನಲ್ಲಿ ಹೈದರಾಬಾದಿಗೆ ಹೋದಷ್ಟೇ' ಅಂದಿದ್ದರು. ಮನೆ ಬಿಟ್ಟು ಮಗಳ ಮನೆ ಸೇರೋಕೆ ನಮಗೆ ಹತ್ತೊಂಬತ್ತು ತಾಸು ಹಿಡಿಯಿತು. ಇದು ಮೋಸ ಅಲ್ವಾ? — ಯಾದಗಿರಿ

ಸ್ವಾಮಿ, ಪೂರ್ತಿ ಮೋಸ ಅನ್ನಲಾರೆ. ಅರ್ಧ ಸತ್ಯ ಅನ್ನಬಹುದು. ನೀವು ಕಳಿಸಿದ ಟಿಕೆಟ್ ನಕಲು ನೋಡಿದೆ. ಅದು ನೇರ ವಿಮಾನವೇ ಅಲ್ಲ. ನಡುವೆ ಮುಂಬೈಯಲ್ಲಿ ಆರು ತಾಸು ಕೂರಿಸಿದ್ದಾರೆ. ದುಡ್ಡು ಕಡಿಮೆ ಅಂದ ಕೂಡಲೇ ಎರಡು ಕಣ್ಣೂ ಟಿಕೆಟ್‌ನ ದರದ ಮೇಲೆ ಹೋಗುತ್ತವೆ. 'ಒಟ್ಟು ಅವಧಿ' ಅನ್ನುವ ಸಾಲನ್ನು ಯಾರೂ ಓದುವುದಿಲ್ಲ. ಮುಂದಿನ ಸಲ ಅದನ್ನೇ ಮೊದಲು ಓದಿ.

ನೇರ ವಿಮಾನ ಆದರೂ ನಮ್ಮ ಕಡೆಯವರ ಲೆಕ್ಕ ಬೇರೆ. ಯಾದಗಿರಿಯಿಂದ ಶಂಷಾಬಾದಿಗೆ, ಅಂದರೆ ಹೈದರಾಬಾದಿನ ಏರ್‌ಪೋರ್ಟಿಗೆ, ಕಾರಿನಲ್ಲಿ ನಾಲ್ಕೂವರೆ ತಾಸು ಇಟ್ಟುಕೊಳ್ಳಿ. ಹೊರದೇಶದ ವಿಮಾನಕ್ಕೆ ಮೂರು ತಾಸು ಮೊದಲೇ ಅಲ್ಲಿರಬೇಕು. ವಿಮಾನದಲ್ಲಿ ನಾಲ್ಕು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಬ್ಯಾಗು, ಟ್ಯಾಕ್ಸಿ ಎಲ್ಲ ಸೇರಿ ಒಂದೂವರೆ. ಹದಿಮೂರು ತಾಸಾಯಿತು. ಅದರಲ್ಲಿ ಆಕಾಶದಲ್ಲಿ ಇದ್ದದ್ದು ಮೂರರಲ್ಲಿ ಒಂದು ಪಾಲೂ ಇಲ್ಲ.

ನಿಮ್ಮವರಿಗೆ ಒಂದು ಅನುಕೂಲ ಇದೆ, ಬಹಳ ಜನ ಅದನ್ನು ಬಳಸುವುದಿಲ್ಲ. ನಾರಾಯಣಪೇಟೆ, ಮಹಬೂಬನಗರ ಹಿಡಿದು ಹೋದರೆ ಶಂಷಾಬಾದಿಗೆ ದಕ್ಷಿಣದಿಂದಲೇ ಬರುತ್ತೀರಿ. ಹೈದರಾಬಾದಿನ ಊರೊಳಗೆ ಕಾಲಿಡುವುದೇ ಬೇಡ. ಬೀದರ್ ಕಡೆಯವರಾದರೆ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೊರವರ್ತುಲ ರಸ್ತೆ ಹಿಡಿಯಬೇಕು. ಊರೊಳಗೆ ನುಗ್ಗಿ ಮೆಹದಿಪಟ್ಟಣದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಅಳುತ್ತಾ ಫೋನ್ ಮಾಡಿದವರು ನನ್ನ ನೆಂಟರಲ್ಲೇ ಇದ್ದಾರೆ. 2008ಕ್ಕೆ ಮೊದಲು ವಿಮಾನ ಬೇಗಂಪೇಟೆಯಿಂದ ಹಾರುತ್ತಿತ್ತು. ಆಗ ಊರೊಳಗೆ ಹೋಗದೆ ಗತಿ ಇರಲಿಲ್ಲ. ಹಳಬರಿಗೆ ಕೈ ಆ ಕಡೆಗೇ ತಿರುಗುತ್ತದೆ.

ಪ್ರಶ್ನೆ: ಟಿಕೆಟ್‌ನಲ್ಲಿ 00:40 ಅಂತ ಬರೆದರೆ ಅದು ಆ ದಿನದ ರಾತ್ರಿಯಾ, ಹಿಂದಿನ ದಿನದ ರಾತ್ರಿಯಾ? — ಜೇವರ್ಗಿ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. 2011ರಲ್ಲಿ ಇದನ್ನು ನಾನೂ ಯಾರನ್ನಾದರೂ ಕೇಳಬೇಕಿತ್ತು.

ಆ ವರ್ಷ ಚಳಿಗಾಲದಲ್ಲಿ ನಾನು, ನಮ್ಮ ಮನೆಯವಳು ದುಬೈಗೆ ಮಗಳ ಮನೆಗೆ ಹೋಗಿದ್ದೆವು. ಮರಳುವ ಟಿಕೆಟ್ ಶುಕ್ರವಾರ 00:40. ಶುಕ್ರವಾರ ರಾತ್ರಿ ಅಂತ ನಾನು ತಲೆಯಲ್ಲಿ ಕೂರಿಸಿಕೊಂಡೆ. ಶುಕ್ರವಾರ ಸಂಜೆ ಬ್ಯಾಗು ಕಟ್ಟಿ, ತೂಕ ನೋಡಿ, ಉಳಿದ ಶೇಂಗಾ ಹಿಂಡಿಯನ್ನು ಮಗಳ ಡಬ್ಬಿಗೆ ಸುರಿದು, ಜೋಳದ ರೊಟ್ಟಿ ಎಣ್ಣೆಗಾಯಿ ಊಟಕ್ಕೆ ಕೂತೆವು. ಅಳಿಯಂದಿರು ಟಿಕೆಟ್ ಕೈಗೆತ್ತಿಕೊಂಡು ನೋಡಿದರು. ಮತ್ತೆ ನೋಡಿದರು. ಆಮೇಲೆ ಬಹಳ ಮೆಲ್ಲಗೆ, 'ಮಾವಾ, ಇದು ನಿನ್ನೆ ರಾತ್ರೀದು' ಅಂದರು. ವಿಮಾನ ಹೋಗಿ ಹತ್ತೊಂಬತ್ತು ತಾಸಾಗಿತ್ತು. ನಾವು ಆಗ ಗಾಢ ನಿದ್ರೆಯಲ್ಲಿದ್ದೆವು.

ಹೊಸ ಟಿಕೆಟ್‌ಗೆ ಎಷ್ಟು ಹೋಯಿತು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವಳು ಈ ಅಂಕಣ ಓದುತ್ತಾಳೆ. ಮಗಳು ಅಂದ ಮಾತು ಮಾತ್ರ ಬರೆಯುತ್ತೇನೆ. 'ಅಪ್ಪಾ, ನೀವು ಭೂಗೋಳದ ಮಾಸ್ತರ ಅಂತ ಇಲ್ಲಿ ಯಾರ ಮುಂದೂ ಹೇಳಬ್ಯಾಡ್ರಿ.'

00:40 ಅಂದರೆ ಆ ತಾರೀಖು ಹುಟ್ಟಿ ನಲವತ್ತು ನಿಮಿಷ. ಶುಕ್ರವಾರ 00:40ರ ವಿಮಾನಕ್ಕೆ ಗುರುವಾರ ರಾತ್ರಿ ಒಂಬತ್ತೂವರೆಗೆ ಏರ್‌ಪೋರ್ಟ್‌ನಲ್ಲಿರಬೇಕು. ನಮ್ಮಲ್ಲಿ ದಿನ ಹುಟ್ಟುವುದು ಸೂರ್ಯ ಹುಟ್ಟಿದ ಮೇಲೆ, ಪಂಚಾಂಗದಲ್ಲೂ ಹಾಗೆಯೇ. ವಿಮಾನದವರದು ನಡುರಾತ್ರಿಯ ಲೆಕ್ಕ. ಗಲ್ಫಿನ ವಿಮಾನಗಳಲ್ಲಿ ಬಹಳಷ್ಟು ಈ ಹೊತ್ತಲ್ಲದ ಹೊತ್ತಿನಲ್ಲೇ ಇರುತ್ತವೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ ಹಿಂದಿನ ದಿನದ ಮನೆಯಲ್ಲಿ 'ರಾತ್ರಿ ಊಟ ಆದ ಕೂಡಲೇ' ಅಂತ ಬರೆಯಿರಿ. ಮುಟ್ಟುವ ಸಮಯದ ಪಕ್ಕ '+1' ಅಂತಿದ್ದರೆ ಮರುದಿನ ಮುಟ್ಟುತ್ತದೆ ಅಂತ ಅರ್ಥ.

ಪ್ರಶ್ನೆ: ಮಾಸ್ಟರ್ ಸಾಬ್, ಈ ಸಲ ಉಮ್ರಾಗೆ ಹೊರಟಿದ್ದೇನೆ. ಮೊಣಕಾಲು ನೋವು. ಜಿದ್ದಾಗೆ ಎಷ್ಟು ಹೊತ್ತು ಕೂರಬೇಕು? — ಆಳಂದ

ಖಾಲಾ, ಹೈದರಾಬಾದಿನಿಂದ ಜಿದ್ದಾ ಸುಮಾರು 4,140 ಕಿಲೋಮೀಟರ್. ನೇರ ವಿಮಾನದಲ್ಲಿ ಐದೂವರೆಯಿಂದ ಆರು ತಾಸು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ಟಿಕೆಟ್ ತೆಗೆಯುವಾಗಲೇ ನಡುದಾರಿಯ ಪಕ್ಕದ ಸೀಟು ಕೇಳಿ. ಕಿಟಕಿ ಪಕ್ಕ ಕೂತರೆ ಎದ್ದು ಓಡಾಡೋಕೆ ಇಬ್ಬರನ್ನು ಎಬ್ಬಿಸಬೇಕು, ನೀವು ಸಂಕೋಚಕ್ಕೆ ಕೂತೇಬಿಡುತ್ತೀರಿ. ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ವ್ಹೀಲ್‌ಚೇರ್ ಬೇಕಿದ್ದರೆ ಮೊದಲೇ ಹೇಳಿಸಿ. ಜಿದ್ದಾ ಮುಟ್ಟುವ ಮುನ್ನವೇ ಮೀಕಾತ್, ಅಂದರೆ ಇಹ್ರಾಮ್ (ಯಾತ್ರೆಯ ವ್ರತ) ತೊಡಬೇಕಾದ ಗಡಿ, ಬರುತ್ತದೆ, ವಿಮಾನದಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ನಿದ್ದೆ ಬಂದುಬಿಟ್ಟರೆ ಅಂತ ಬಹಳ ಜನ ನಮ್ಮ ಕಡೆಯಿಂದಲೇ ಇಹ್ರಾಮ್‌ಗೆ ಸಿದ್ಧರಾಗಿ ಹತ್ತುತ್ತಾರೆ. ದುವಾದಲ್ಲಿ ನನ್ನ ಹೆಸರೂ ಇರಲಿ.

ಪ್ರಶ್ನೆ: ಅಂಕಲ್, ನನಗೆ ಜಪಾನಿನಲ್ಲಿ ಕೆಲಸ ಸಿಕ್ಕಿದೆ. ಬೆಂಗಳೂರಿನಿಂದ ಟೋಕಿಯೊಗೆ ಹೋಗುವಾಗ 8 ತಾಸು, ಬರುವಾಗ ಹತ್ತಿರ ಹತ್ತಿರ 10 ತಾಸು ತೋರಿಸುತ್ತಿದೆ. ಗಡಿಯಾರದ ವ್ಯತ್ಯಾಸ ಕಳೆದ ಮೇಲೂ! — ಗುರುಮಠಕಲ್

ಶಾಬಾಷ್ ಮಗಳೇ. ಗಡಿಯಾರ ಕಳೆದು ಲೆಕ್ಕ ಹಾಕಿದೆಯಲ್ಲ, ಅದಕ್ಕೇ ಪೂರ್ತಿ ಅಂಕ.

ಬೆಂಗಳೂರಿನಿಂದ ಟೋಕಿಯೊದ ನರಿಟಾ ಏರ್‌ಪೋರ್ಟಿಗೆ ಸುಮಾರು 6,700 ಕಿಲೋಮೀಟರ್. ಎರಡು ತಾಸಿನ ವ್ಯತ್ಯಾಸ ಪೂರ್ತಿ ಗಾಳಿಯದು. ಚಿತ್ತಾಪುರದ ಅಕ್ಕನಿಗೆ ಹೇಳಿದ ಗಾಳಿಯೇ ಇದು. ಆದರೆ ಜಪಾನಿನ ಮೇಲೆ ಅದು ಹೊಳೆಯ ಹಾಗೆ ಕಿರಿದಾದ ಪಟ್ಟಿಯಲ್ಲಿ, ಚಳಿಗಾಲದಲ್ಲಿ ತಾಸಿಗೆ 200-300 ಕಿಲೋಮೀಟರ್ ವೇಗದಲ್ಲಿ ಹರಿಯುತ್ತದೆ. ಹೋಗುವಾಗ ವಿಮಾನ ಆ ಹೊಳೆಗೆ ಇಳಿದು ತೇಲುತ್ತದೆ. ಬರುವಾಗ ಅದರಿಂದ ಪಕ್ಕಕ್ಕೆ ಸರಿಯಲು ನೋಡುತ್ತದೆ, ಆದರೂ ಪೂರ್ತಿ ತಪ್ಪಿಸಿಕೊಳ್ಳಲಾಗುವುದಿಲ್ಲ.

ನೀನು ಹೋಗುತ್ತಿರುವ ನಾಡಿನವರೇ ಇದನ್ನು ಮೊದಲು ಅಳೆದದ್ದು. ವಾಸಾಬುರೊ ಓಯಿಶಿ ಅಂತ ಹವಾಮಾನ ವಿಜ್ಞಾನಿ. 1920ರ ದಶಕದಲ್ಲಿ ಟೋಕಿಯೊ ಹತ್ತಿರದ ತಾತೆನೊದಿಂದ ಬಲೂನು ಬಿಟ್ಟು, ಅವು ಓಡುವ ವೇಗವನ್ನು ದುರ್ಬೀನಿನಲ್ಲಿ ಹಿಡಿದರು. ಎತ್ತರದಲ್ಲಿ ಭಾರಿ ಗಾಳಿ ಇದೆ ಅಂತ 1926ರಲ್ಲಿ ವರದಿ ಬರೆದರು. ಪ್ರಪಂಚವೆಲ್ಲ ಓದಲಿ ಅಂತ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಎಲ್ಲರ ಭಾಷೆ ಆಗಲಿ ಅಂತ ಕಟ್ಟಿದ ಭಾಷೆ ಅದು. ಹೊರಗಿನವರು ಯಾರೂ ಓದಲಿಲ್ಲ! 1944ರಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಹಾರಿ ಆ ಗಾಳಿಗೆ ಸಿಕ್ಕಿ ತತ್ತರಿಸಿದಾಗಲೇ ಅವರಿಗೆ ಬುದ್ಧಿ ಬಂದದ್ದು.

ಇನ್ನೊಂದು ತಮಾಷೆ. ಗೋಡೆ ನಕಾಶೆಯಲ್ಲಿ ಬೆಂಗಳೂರಿನಿಂದ ಟೋಕಿಯೊಗೆ ಸ್ಕೇಲಿಟ್ಟು ಗೆರೆ ಎಳೆ. ಆಮೇಲೆ ಗ್ಲೋಬಿನ ಮೇಲೆ ದಾರ ಎಳೆ. ದಾರ ಉತ್ತರಕ್ಕೆ ಉಬ್ಬಿ ಬಂಗಾಳ ಕೊಲ್ಲಿ, ಮ್ಯಾನ್ಮಾರ್ ದಾಟಿ ಚೀನಾದ ಯುನ್ನಾನ್ ಮೇಲೆ ಹೋಗುತ್ತದೆ. ಅಲ್ಲಿ ಸ್ಕೇಲಿನ ಗೆರೆ ದಾರಕ್ಕಿಂತ ಸುಮಾರು 500 ಕಿಲೋಮೀಟರ್ ಕೆಳಗಿರುತ್ತದೆ. ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆ ಮಾಡಿದರೆ ಹೀಗೇ. ನನ್ನ ಹತ್ತನೇ ಕ್ಲಾಸಿನ ಮಕ್ಕಳು ಪ್ರತಿ ವರ್ಷ ಸ್ಕೇಲಿನ ಮೇಲೆಯೇ ಪಣ ಕಟ್ಟುತ್ತಿದ್ದರು. ಪ್ರತಿ ವರ್ಷ ಸೋಲುತ್ತಿದ್ದರು.

ಬೆಂಗಳೂರಿಗೆ ರೈಲಿನಲ್ಲಿ ಹೋಗುವೆಯಾದರೆ ಯಲಹಂಕದಲ್ಲಿ ನಿಲ್ಲುವ ಗಾಡಿ ನೋಡಿಕೊ. ಏರ್‌ಪೋರ್ಟ್ ಅಲ್ಲಿಂದ ಹತ್ತಿರ. ಊರ ನಡುವಿನ ನಿಲ್ದಾಣದ ತನಕ ಹೋಗಿ ಮತ್ತೆ ಉತ್ತರಕ್ಕೆ ಬರಬೇಡ.

ಪ್ರಶ್ನೆ: ಬೀದರಿನಲ್ಲಿ ವಿಮಾನ ನಿಲ್ದಾಣ ಇದೆ, ಕಲಬುರಗಿಯಲ್ಲೂ ಇದೆ. ಆದರೂ ದುಬೈಗೆ ಪಶ್ಚಿಮಕ್ಕೆ ಹೋಗಬೇಕಾದ ನಾವು ಪೂರ್ವಕ್ಕೆ ಹೈದರಾಬಾದಿಗೆ ಹೋಗಿ ಹತ್ತಬೇಕು. ಇದೆಂಥ ಕರ್ಮ? — ಬೀದರ್

ಕಲಬುರಗಿಯ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಬೀದರಿನಲ್ಲಿ ವಾಯುಪಡೆಯ ನೆಲೆ ಬಹಳ ಹಿಂದಿನಿಂದ ಇದೆ, ಜನರಿಗೆ ವಿಮಾನ ಬಂದದ್ದು 2020ರ ಫೆಬ್ರವರಿಯಲ್ಲಿ. ಎರಡೂ ಕಡೆ ದೇಶದೊಳಗಿನ ವಿಮಾನಗಳ ವ್ಯವಸ್ಥೆ ಮಾತ್ರ. ಹೊರದೇಶಕ್ಕೆ ಬಿಡಬೇಕಾದರೆ ಇಮಿಗ್ರೇಷನ್, ಕಸ್ಟಮ್ಸ್ ಬೇಕು. ದಿನಾ ವಿಮಾನ ತುಂಬುವಷ್ಟು ಜನವೂ ಬೇಕು. ಜನ ಇದ್ದಾರೆ ಅಂತ ನನ್ನ ಅಂಚೆ ಹೇಳುತ್ತದೆ. ಉಳಿದದ್ದು ನನ್ನ ಕೈಯಲ್ಲಿಲ್ಲ.

ನೀವು ಬೀದರಿನವರು, ಒಂದು ಹಳೇ ಲೆಕ್ಕ ಹೇಳುತ್ತೇನೆ. 15ನೇ ಶತಮಾನದಲ್ಲಿ, ಮಹಮೂದ್ ಗವಾನ್ ನಿಮ್ಮೂರಿನ ವಜೀರನಾಗಿದ್ದ ಕಾಲದಲ್ಲಿ, ಅಫನಾಸಿ ನಿಕಿಟಿನ್ ಅನ್ನುವ ರಷ್ಯದ ವ್ಯಾಪಾರಿ ಬೀದರಿಗೆ ಬಂದಿದ್ದ. ಹೊರ್ಮುಜ್‌ನಲ್ಲಿ ಹಡಗು ಹತ್ತಿದ. ಜೊತೆಗೊಂದು ಕುದುರೆ. ಹೊರ್ಮುಜ್ ಎಲ್ಲಿ? ಈಗಿನ ದುಬೈಯಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್. ಅಲ್ಲಿಂದ ಕೊಂಕಣದ ಚೌಲ್ ಬಂದರಿಗೆ ಆರು ವಾರ. ಆಮೇಲೆ ಘಟ್ಟ ಹತ್ತಿ, ಮಳೆಗಾಲ ಕಳೆದು ಬೀದರ್ ಮುಟ್ಟಿ, ಆ ಕುದುರೆಯನ್ನು ನಿಮ್ಮೂರಲ್ಲೇ ಮಾರಿದ. ಆಗಿನ ಹಡಗಿನವರೂ ಗಾಳಿಯ ದಿಕ್ಕು ತಿರುಗುವ ತನಕ ಬಂದರಿನಲ್ಲೇ ಕಾಯುತ್ತಿದ್ದರು. ನೀವು ಪೂರ್ವಕ್ಕೆ ಮೂರು ತಾಸು ಹೋಗಬೇಕಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಬೇಜಾರು ಸರಿಯೇ, ಆದರೆ ಕುದುರೆಯನ್ನಂತೂ ಸಾಗಿಸಬೇಕಾಗಿಲ್ಲ.

ಪ್ರಶ್ನೆ: ಅಣ್ಣಾವ್ರೆ, ಇದು ಪ್ರಶ್ನೆಯೋ ಅಲ್ಲವೋ ಗೊತ್ತಿಲ್ಲ. ಮುಂದಿನ ತಿಂಗಳು ಮಗ ದುಬೈಗೆ ಹೋಗುತ್ತಾನೆ, ರಾತ್ರಿ 9.20ರ ವಿಮಾನ. ಹೈದರಾಬಾದ್ ತನಕ ಬರಬೇಡ ಅಂದಿದ್ದಾನೆ. ಮನೆಯಿಂದ ಯಾವ ದಿಕ್ಕಿಗೆ ನೋಡಿದರೆ ಅವನ ವಿಮಾನ ಇರುತ್ತದೆ? — ಬಸವಕಲ್ಯಾಣ

ತಂಗೀ, ನಿನ್ನ ಪತ್ರ ಓದಿ ಮತ್ತೆ ದಾರ ತೆಗೆದೆ. ಗ್ಲೋಬಿನಲ್ಲಿ ನಿಮ್ಮೂರು ಕಾಣುವುದಿಲ್ಲ, ಹಾಗಾಗಿ ಕಾಗದ ತೆಗೆದು ಡಿಗ್ರಿ, ನಿಮಿಷ ಹಾಕಿ ಲೆಕ್ಕ ಮಾಡಿದೆ. ಎರಡು ಸಲ ಮಾಡಿದೆ, ನಂಬಿಕೆ ಬರಲಿಲ್ಲ ಅಂತ. ಶಂಷಾಬಾದಿನಿಂದ ದುಬೈಗೆ ಅತಿ ಹತ್ತಿರದ ಗೆರೆ ಎಳೆದರೆ ಅದು ಹುಮನಾಬಾದ್ ಮೇಲಿಂದ ಬಂದು ಸರಿಯಾಗಿ ಬಸವಕಲ್ಯಾಣದ ಮೇಲೆ ಹಾದುಹೋಗುತ್ತದೆ. ನಿನ್ನ ಮಗ ನಾಲ್ಕು ತಾಸು ಪೂರ್ವಕ್ಕೆ ಹೋಗಿ, ಮೂರು ತಾಸು ಕೂತು, ಮತ್ತೆ ನಿನ್ನ ತಲೆ ಮೇಲಿಂದಲೇ ಪಶ್ಚಿಮಕ್ಕೆ ಹೋಗುತ್ತಾನೆ.

ಪೈಲಟ್‌ಗೆ ಆ ದಿನ ಕೊಟ್ಟ ದಾರಿ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಇರಬಹುದು. ಪಕ್ಕದ ಮನೆ ಹುಡುಗರ ಮೊಬೈಲಿನಲ್ಲಿ ವಿಮಾನದ ದಾರಿ ತೋರಿಸುವ ಆಪ್ ಹಾಕಿಸಿ, ಟಿಕೆಟ್ ಮೇಲಿನ ವಿಮಾನದ ನಂಬರು ಕೊಡು. 9.20ಕ್ಕೆ ಕದಲಿದರೆ ನೆಲ ಬಿಡೋಕೆ ಇನ್ನೂ ಹದಿನೈದಿಪ್ಪತ್ತು ನಿಮಿಷ. ಅಲ್ಲಿಂದ ನಿಮ್ಮೂರಿಗೆ 170 ಕಿಲೋಮೀಟರ್, ಇನ್ನೊಂದು ಇಪ್ಪತ್ತು ನಿಮಿಷ. ಒಂಬತ್ತೂ ಐವತ್ತಕ್ಕೇ ಮಾಳಿಗೆ ಹತ್ತಿ ಹುಮನಾಬಾದ್ ಕಡೆ ಮುಖ ಮಾಡಿ ನಿಲ್ಲು. ಮೊದಲು ಮಿಣುಕುವ ಬಿಳಿ ದೀಪ ಕಾಣುತ್ತದೆ. ಹತ್ತಿರ ಬಂದಾಗ ಎರಡು ಬಣ್ಣ ಬಿಡಿಬಿಡಿಯಾಗುತ್ತವೆ. ವಿಮಾನದ ಎಡ ರೆಕ್ಕೆಗೆ ಕೆಂಪು, ಬಲ ರೆಕ್ಕೆಗೆ ಹಸಿರು. ಒಂಬತ್ತು ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಸದ್ದು ಅರ್ಧ ನಿಮಿಷ ತಡವಾಗಿ ಬರುತ್ತದೆ. ಸದ್ದು ಕೇಳಿದ ಕಡೆ ನೋಡಬೇಡ, ಅದಕ್ಕಿಂತ ಮುಂದೆ ನೋಡು.

ಅವನಿಗೆ ಬಲಗಡೆಯ ಕಿಟಕಿ ಸೀಟು ಸಿಕ್ಕಿದೆಯೋ ಎಡಗಡೆಯೋ ಅಂತ ಮಾತ್ರ ಮೊದಲೇ ಕೇಳಿಟ್ಟುಕೊ.